ಟವರ್ ಮಾರಿದ ಮೇಲೆ: ಬ್ರಿಟನ್ನಿನ ಟಿವಿ ಪ್ರಸಾರ ಜಾಲದ ಒಂದು ಪ್ರಕರಣ ಅಧ್ಯಯನ

1997ರ ಫೆಬ್ರುವರಿಯಲ್ಲಿ ಬಿಬಿಸಿ ದೇಶದೊಳಗಿನ ತನ್ನ ಟ್ರಾನ್ಸ್‌ಮಿಟರ್ ಜಾಲವನ್ನು ಪೂರ್ತಿಯಾಗಿ ಮಾರಿಬಿಟ್ಟಿತು. ಟವರ್, ಅದರ ಬುಡದ ಕಟ್ಟಡ, ಒಳಗಿನ ಯಂತ್ರಗಳು, ಅವನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರ್‌ಗಳು, ಎಲ್ಲ ಸೇರಿ 24.4 ಕೋಟಿ ಪೌಂಡ್. ಕೊಂಡದ್ದು ಕ್ಯಾಸಲ್ ಟ್ರಾನ್ಸ್‌ಮಿಷನ್ ಅನ್ನುವ ಹೊಸ ಕಂಪನಿ. ಅದರ ಹಿಂದೆ ಅಮೆರಿಕದ ಟೆಕ್ಸಾಸ್‌ನ ಕ್ರೌನ್ ಕ್ಯಾಸಲ್ ಇತ್ತು, ಫ್ರಾನ್ಸಿನ ಪ್ರಸಾರ ಜಾಲ ನಡೆಸುವ ಟಿಡಿಎಫ್ ಇತ್ತು, ಎರಡು ಹೂಡಿಕೆ ಸಂಸ್ಥೆಗಳೂ ಇದ್ದವು.

ಇನ್ನು ಹತ್ತು ವರ್ಷದಲ್ಲಿ ಬ್ರಿಟನ್ನಿನ ಟಿವಿ ಟವರ್‌ಗಳು ಹೆಚ್ಚುಕಡಿಮೆ ಎಲ್ಲವೂ ಒಂದೇ ಕಂಪನಿಯ ಕೈ ಸೇರಿದವು. ಹಾಗಾಗಲಿ ಎಂದು ಯಾರೂ ಕಾನೂನು ಮಾಡಿರಲಿಲ್ಲ. ಹಾಗಾಗಬಾರದು ಎಂದೂ ಮಾಡಿರಲಿಲ್ಲ. ನನಗೆ ಈ ಪ್ರಕರಣ ಮುಖ್ಯ ಅನ್ನಿಸುವುದು ಇದೇ ಕಾರಣಕ್ಕೆ. ಚಾನೆಲ್ ಯಾರ ಕೈಯಲ್ಲಿರಬೇಕು ಎಂಬುದರ ಬಗ್ಗೆ ಆ ದೇಶ ದಶಕಗಟ್ಟಲೆ ತಲೆ ಕೆಡಿಸಿಕೊಂಡಿತ್ತು. ಚಾನೆಲ್ಲನ್ನು ಮನೆಗೆ ಮುಟ್ಟಿಸುವ ಟವರ್ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯನ್ನು ಮಾತ್ರ ಮಾರುಕಟ್ಟೆಗೆ ಬಿಟ್ಟಿತು. ನಿಯಮಗಳು ಬಂದವು, ಆದರೆ ತಡವಾಗಿ ಬಂದವು. ಬಂದ ನಿಯಮಗಳಲ್ಲಿ ಟಿವಿ ನೋಡುವವರಿಗೆ ಜಾಗ ಇರಲಿಲ್ಲ.

ಎರಡು ಜಾಲ, ಒಂದೇ ಗುಡ್ಡ

ಬ್ರಿಟನ್ನಿನಲ್ಲಿ ಮೊದಲಿನಿಂದಲೂ ಎರಡು ಪ್ರಸಾರ ಜಾಲಗಳಿದ್ದವು. ಒಂದು ಬಿಬಿಸಿಯದು. ಇನ್ನೊಂದು ಐಟಿವಿ ಎಂಬ ಖಾಸಗಿ ವಾಹಿನಿಗಳ ಕೂಟಕ್ಕಾಗಿ 1954ರ ಕಾಯ್ದೆಯಡಿ ಹುಟ್ಟಿದ ಸಾರ್ವಜನಿಕ ಪ್ರಾಧಿಕಾರದ್ದು. ಐಟಿವಿಯ ಕಾರ್ಯಕ್ರಮ ಮಾಡುವವರು ಖಾಸಗಿಯವರಾದರೂ ಟವರ್ ಮಾತ್ರ ಸಾರ್ವಜನಿಕರದ್ದು. 1972ರಿಂದ ಈ ಪ್ರಾಧಿಕಾರಕ್ಕೆ ಐಬಿಎ ಎಂದು ಹೆಸರಾಯಿತು.

1960ರ ದಶಕದಲ್ಲಿ ಯುಎಚ್‌ಎಫ್ ಎಂಬ ಹೆಚ್ಚು ಕಂಪನಾಂಕದ ಅಲೆಗಳಲ್ಲಿ ಟಿವಿ ಪ್ರಸಾರ ಶುರುವಾದಾಗ ಎರಡೂ ಕಡೆಯ ಎಂಜಿನಿಯರ್‌ಗಳು ಒಂದು ಬುದ್ಧಿವಂತ ಒಪ್ಪಂದಕ್ಕೆ ಬಂದರು. ಒಂದೇ ಪ್ರದೇಶಕ್ಕೆ ಎರಡೆರಡು ಟವರ್ ಕಟ್ಟುವುದು ಬೇಡ. ಕೆಲವು ಕಡೆ ಬಿಬಿಸಿ ಕಟ್ಟುತ್ತದೆ, ಐಟಿವಿ ಅಲ್ಲಿ ಬಾಡಿಗೆದಾರ. ಕೆಲವು ಕಡೆ ಪ್ರಾಧಿಕಾರ ಕಟ್ಟುತ್ತದೆ, ಬಿಬಿಸಿ ಬಾಡಿಗೆದಾರ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಬಿಬಿಸಿಯದು, ಯಾರ್ಕ್‌ಶೈರಿನ ಎಮ್ಲಿ ಮೂರ್ ಐಟಿವಿ ಪ್ರಾಧಿಕಾರದ್ದು. ಎಲ್ಲ ಚಾನೆಲ್‌ಗಳೂ ಒಂದೇ ದಿಕ್ಕಿನಿಂದ ಬಂದರೆ ಮನೆಯವರಿಗೆ ಒಂದೇ ಆಂಟೆನಾ ಸಾಕು.

ಈ ಆಂಟೆನಾ ವಿಷಯ ಸ್ವಲ್ಪ ಹತ್ತಿರದಿಂದ ನೋಡಬೇಕು. ಬ್ರಿಟನ್ನಿನ ಮನೆಗಳ ಮೇಲಿನ ಹಳೆಯ ಯುಎಚ್‌ಎಫ್ ಆಂಟೆನಾಗಳಲ್ಲಿ ಗುಂಪುಗಳಿದ್ದವು. ಎ ಗುಂಪಿನದಕ್ಕೆ ಕೊಳವೆಯ ತುದಿಯಲ್ಲಿ ಕೆಂಪು ಪ್ಲಾಸ್ಟಿಕ್ ಮುಚ್ಚಳ, ಬಿ ಗುಂಪಿನದಕ್ಕೆ ಹಳದಿ, ಸಿ/ಡಿ ಗುಂಪಿನದಕ್ಕೆ ಹಸಿರು. ಒಂದೊಂದು ಗುಂಪು ಒಂದೊಂದು ಅಲೆಸಾಲಿಗೆ, ಅಂದರೆ ಫ್ರೀಕ್ವೆನ್ಸಿಯ ಒಂದೊಂದು ಪಟ್ಟಿಗೆ. ದೊಡ್ಡ ಟವರಿನ ಕಡೆ ತಿರುಗಿದ ಆಂಟೆನಾದ ಕಡ್ಡಿಗಳು ಅಡ್ಡಕ್ಕೆ ಮಲಗಿರುತ್ತವೆ. ಕಣಿವೆಯ ಸಣ್ಣ ಮರುಪ್ರಸಾರ ಕೇಂದ್ರದ ಕಡೆ ತಿರುಗಿದವು ಸಾಮಾನ್ಯವಾಗಿ ನೆಟ್ಟಗೆ ನಿಂತಿರುತ್ತವೆ. ಅಂದರೆ ಯಾವ ದಿಕ್ಕು, ಯಾವ ಅಲೆಸಾಲು, ಕಡ್ಡಿ ಅಡ್ಡವೋ ಉದ್ದವೋ, ಮೂರೂ ಒಂದು ಟವರಿಗೆ ಕಟ್ಟುಬಿದ್ದಿವೆ.

ಈಗ ಯಾರೋ ದುಡ್ಡಿರುವವರು ಬಂದು ಇನ್ನೊಂದು ಗುಡ್ಡದ ಮೇಲೆ ಹೊಸ ಟವರ್ ಕಟ್ಟಿ "ನಮ್ಮ ಬಾಡಿಗೆ ಕಡಿಮೆ, ಬನ್ನಿ" ಎಂದು ಚಾನೆಲ್‌ಗಳನ್ನು ಕರೆದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಲಕ್ಷಾಂತರ ಮನೆಗಳ ಆಂಟೆನಾ ಹಳೆಯ ಗುಡ್ಡದ ಕಡೆ ನೋಡುತ್ತಿರುತ್ತವೆ. ಮನೆಮನೆಗೆ ಏಣಿ ಹಾಕಿ ತಿರುಗಿಸುವವರು ಯಾರು? ಬಸ್ಸುಗಳು ಎಷ್ಟು ಕಂಪನಿಯವಾದರೂ ಇರಲಿ, ಊರ ನಡುವಿನ ನಿಲ್ದಾಣ ಒಂದೇ ಇದ್ದರೆ ಅದರ ಒಡೆಯನ ಮಾತೇ ನಡೆಯುತ್ತದೆ ಅಲ್ವಾ? ಟವರಿನದ್ದೂ ಅದೇ ಕಥೆ. ಎದುರಾಳಿಯೇ ಹುಟ್ಟಲಾಗದ ಆಸ್ತಿ ಅದು. ಮಾರುವಾಗ ನೆನಪಿಡಬೇಕಿದ್ದ ಮೊದಲ ಸಂಗತಿ ಇದು.

ಮಾರಾಟ ಮತ್ತು ಒಂದು ವಿಚಿತ್ರ ಅಂತರ

ಮೊದಲು ಹೋದದ್ದು ಐಬಿಎ ಜಾಲ. 1990ರ ಪ್ರಸಾರ ಕಾಯ್ದೆ ಐಬಿಎಯನ್ನೇ ಮುಚ್ಚಿತು. ಅದರ ಎಂಜಿನಿಯರಿಂಗ್ ವಿಭಾಗ ನ್ಯಾಷನಲ್ ಟ್ರಾನ್ಸ್‌ಕಮ್ಯೂನಿಕೇಷನ್ಸ್, ಚಿಕ್ಕದಾಗಿ ಎನ್‌ಟಿಎಲ್, ಎಂಬ ಕಂಪನಿಯಾಯಿತು. 1991ರಲ್ಲಿ ಸುಮಾರು 7 ಕೋಟಿ ಪೌಂಡಿಗೆ ಮಾರಾಟವಾಯಿತು. 1996ರಲ್ಲಿ ಅದನ್ನು ಇಂಟರ್‌ನ್ಯಾಷನಲ್ ಕೇಬಲ್‌ಟೆಲ್ ಎಂಬ ಅಮೆರಿಕದ ಕಂಪನಿ 23.5 ಕೋಟಿ ಪೌಂಡ್ ಕೊಟ್ಟು ಕೊಂಡಿತು. ಹೆಸರು ಎಷ್ಟು ಹಿಡಿಸಿತೆಂದರೆ ತನ್ನನ್ನೇ ಎನ್‌ಟಿಎಲ್ ಎಂದು ಕರೆದುಕೊಂಡಿತು.

ಬಿಬಿಸಿ ಜಾಲದ ಸರದಿ ಮುಂದಿನದು. ಡಿಜಿಟಲ್ ಪ್ರಸಾರಕ್ಕೆ ಹಣ ಬೇಕಿತ್ತು. ಮಾರಿ ಬಂದ ಹಣವನ್ನು ಅದಕ್ಕೆ ಬಳಸಬಹುದೆಂದು ಸರ್ಕಾರ ಒಪ್ಪಿತು. 1996ರ ಪ್ರಸಾರ ಕಾಯ್ದೆಯಲ್ಲಿ ಈ ಮಾರಾಟಕ್ಕೆಂದೇ ಒಂದು ಭಾಗ ಸೇರಿತು. ವಿದೇಶಗಳಿಗೆ ಪ್ರಸಾರ ಮಾಡುವ ವರ್ಲ್ಡ್ ಸರ್ವಿಸ್‌ನ ಟ್ರಾನ್ಸ್‌ಮಿಟರ್‌ಗಳು ಬೇರೆಯಾಗಿ, ಅಲ್ಲಿನ ಆಡಳಿತದವರೇ ಕಟ್ಟಿದ ಮರ್ಲಿನ್ ಎಂಬ ಕಂಪನಿಗೆ ಹೋದವು.

ಬಿಬಿಸಿ ಕೈ ಬೀಸಿಕೊಂಡು ಬರಲಿಲ್ಲ ಅನ್ನುವುದನ್ನು ಹೇಳಬೇಕು. ಹತ್ತು ವರ್ಷದ ಪ್ರಸಾರ ಒಪ್ಪಂದ ಮಾಡಿಕೊಂಡಿತು. ಕೊಂಡ ಕಂಪನಿಯಲ್ಲಿ ಒಂದೇ ಒಂದು ವಿಶೇಷ ಷೇರು ಉಳಿಸಿಕೊಂಡಿತು. ಆ ಷೇರಿಗೆ ಲಾಭದಲ್ಲಿ ಪಾಲಿಲ್ಲ, ಮತವೂ ಇಲ್ಲ. ಆದರೆ ಕಂಪನಿಯ ನಿಯಮಾವಳಿಯ ಕೆಲವು ಅಂಶ ಬದಲಿಸಬೇಕಾದರೆ, ಕಂಪನಿಯನ್ನು ಮುಚ್ಚಬೇಕಾದರೆ ಬಿಬಿಸಿಯ ಲಿಖಿತ ಒಪ್ಪಿಗೆ ಬೇಕು. ಕಾಗದದ ಮೇಲೆ ಇದು ಒಳ್ಳೆಯ ಬೇಲಿ. ಆದರೆ ಬೇಲಿ ಕಾಯುತ್ತಿದ್ದವನು ಸರ್ಕಾರವಲ್ಲ, ಒಬ್ಬ ಗಿರಾಕಿ. ಗಿರಾಕಿಗೆ ತನ್ನ ಬಾಡಿಗೆ, ತನ್ನ ಸೇವೆ ಮುಖ್ಯ. ಅದೇ ಟವರ್ ನಂಬಿಕೊಂಡ ಬೇರೆ ಚಾನೆಲ್‌ಗಳ ಗತಿ ನೋಡುವುದು ಅವನ ಕೆಲಸವಲ್ಲ.

ನಾನು ಮೇಲೆ ಹೇಳಿದ ಅಂತರ ಎಷ್ಟು ದೊಡ್ಡದು ಎಂಬುದು ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಅದೇ 1990ರ ಕಾಯ್ದೆಯ ಎರಡನೇ ಅನುಸೂಚಿಯ ಪ್ರಕಾರ ಯುರೋಪಿನ ಹೊರಗಿನ ಕಂಪನಿ ಐಟಿವಿಯ ಲೈಸೆನ್ಸ್ ಹಿಡಿಯುವಂತಿರಲಿಲ್ಲ. ಈ ನಿಷೇಧ 2003ರ ಸಂವಹನ ಕಾಯ್ದೆ ಬರುವವರೆಗೂ ಇತ್ತು. ಒಬ್ಬನೇ ಎಷ್ಟು ಲೈಸೆನ್ಸ್ ಹಿಡಿಯಬಹುದು, ಪತ್ರಿಕೆ ನಡೆಸುವವನು ಟಿವಿಯಲ್ಲಿ ಎಷ್ಟು ಪಾಲು ಇಟ್ಟುಕೊಳ್ಳಬಹುದು, ಎಲ್ಲಕ್ಕೂ ಮಿತಿ. ಹೀಗೆ 1997ರಲ್ಲಿ ಅಮೆರಿಕದ ಕಂಪನಿಯೊಂದು ಯಾರ್ಕ್‌ಶೈರಿನ ಐಟಿವಿಯನ್ನು ಕೊಳ್ಳಲಾಗುತ್ತಿರಲಿಲ್ಲ. ಯಾರ್ಕ್‌ಶೈರಿನ ಐಟಿವಿ ಪ್ರಸಾರವಾಗುವ ಎಮ್ಲಿ ಮೂರ್ ಟವರನ್ನು ಮಾತ್ರ ಅಮೆರಿಕದ ಕಂಪನಿಯೇ ಇಟ್ಟುಕೊಂಡಿತ್ತು. 1998ರಲ್ಲಿ ಕ್ರೌನ್ ಕ್ಯಾಸಲ್ ತನ್ನ ಪಾಲನ್ನು ಶೇ 80ಕ್ಕೆ ಏರಿಸಿಕೊಂಡಿತು. ಆಗ ಬಿಬಿಸಿಯ ಹಳೆಯ ಜಾಲವೂ ಅಮೆರಿಕದ ಹಿಡಿತಕ್ಕೆ ಬಂತು.

ವಿದೇಶಿಯರು ಕೊಂಡದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅವರ ಕೈಯಲ್ಲಿ ಪ್ರಸಾರ ಕೆಡಲಿಲ್ಲ. ಟವರ್ ಎಂಬುದು ಬರೀ ಕಬ್ಬಿಣ, ಅದಕ್ಕೆ ಅಭಿಪ್ರಾಯವಿಲ್ಲ, ಆದ್ದರಿಂದ ಅದರ ಒಡೆಯ ಯಾರಾದರೂ ಸರಿ ಎಂಬ ಲೆಕ್ಕಾಚಾರದ ಮೇಲೆ ಒಂದು ದೇಶದ ಕಾನೂನು ನಿಂತಿತ್ತು. ನನ್ನ ತಕರಾರು ಆ ಲೆಕ್ಕಾಚಾರದ ಬಗ್ಗೆ.

ಕೈ ಬದಲು

ಮುಂದಿನದು ಬೇಗ ಹೇಳಿಬಿಡಬಹುದು. 2004ರಲ್ಲಿ ಕ್ರೌನ್ ಕ್ಯಾಸಲ್ ತನ್ನ ಬ್ರಿಟನ್ ವ್ಯವಹಾರವನ್ನು ವಿದ್ಯುತ್ ಮತ್ತು ಗ್ಯಾಸ್ ಜಾಲ ನಡೆಸುವ ನ್ಯಾಷನಲ್ ಗ್ರಿಡ್‌ಗೆ ಸುಮಾರು 110 ಕೋಟಿ ಪೌಂಡಿಗೆ ಮಾರಿತು. ಅದೇ ಹೊತ್ತಿಗೆ ಎನ್‌ಟಿಎಲ್ ತನ್ನ ಪ್ರಸಾರ ವಿಭಾಗವನ್ನು ಆಸ್ಟ್ರೇಲಿಯಾದ ಮ್ಯಾಕ್ವಾರಿ ಮುಂದಾಳತ್ವದ ಕೂಟಕ್ಕೆ 127 ಕೋಟಿ ಪೌಂಡಿಗೆ ಕೊಟ್ಟಿತು. 2005ರಲ್ಲಿ ಅದಕ್ಕೆ ಆರ್ಕೀವಾ ಎಂದು ಹೆಸರಿಟ್ಟರು. 2007ರ ಏಪ್ರಿಲ್‌ನಲ್ಲಿ ಮ್ಯಾಕ್ವಾರಿಯದೇ ಇನ್ನೊಂದು ಕಂಪನಿ ನ್ಯಾಷನಲ್ ಗ್ರಿಡ್‌ನ ಜಾಲವನ್ನೂ ಕೊಂಡಿತು. ಬೆಲೆ 250 ಕೋಟಿ ಪೌಂಡ್.

24.4 ಕೋಟಿಯಿಂದ 250 ಕೋಟಿ. ಇದನ್ನು ನೋಡಿ "ಸಾರ್ವಜನಿಕ ಆಸ್ತಿ ಪುಕ್ಕಟೆ ಹೋಯಿತು" ಅನ್ನುವವರಿದ್ದಾರೆ. ಅಷ್ಟು ಸರಳವಲ್ಲ. ನಡುವೆ ಮೊಬೈಲ್ ಕಾಲ ಬಂತು. ಆ ಟವರ್‌ಗಳಿಗೆ ಮೊಬೈಲ್ ಕಂಪನಿಗಳ ಆಂಟೆನಾ ಸೇರಿದವು, ಹೊಸ ಜಾಗಗಳು ಸೇರಿದವು, ಡಿಜಿಟಲ್ ಒಪ್ಪಂದಗಳೂ ಸೇರಿದವು. ಹಾಗಿದ್ದರೂ ಎದುರಾಳಿ ಹುಟ್ಟಲಾಗದ ಆಸ್ತಿಗೆ ಎಷ್ಟು ಬೆಲೆ ಇದೆ ಎಂದು ಮಾರಿದವರಿಗಿಂತ ಕೊಂಡವರಿಗೆ ಜಾಸ್ತಿ ಗೊತ್ತಿತ್ತು. ಇದು ನನ್ನ ಅಭಿಪ್ರಾಯ.

ಇದೇ ಕಥೆ ಆಸ್ಟ್ರೇಲಿಯಾದಲ್ಲೂ ನಡೆದಿತ್ತು. ಅಲ್ಲಿನ ಸರ್ಕಾರ ತನ್ನ ರಾಷ್ಟ್ರೀಯ ಪ್ರಸಾರ ಜಾಲವನ್ನು 1999ರಲ್ಲಿ 65 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ಇದೇ ಎನ್‌ಟಿಎಲ್‌ಗೆ ಮಾರಿತು. 2002ರಲ್ಲಿ ಅದು ಮ್ಯಾಕ್ವಾರಿಯ ಕೈಗೆ ಹೋಯಿತು. 2009ರಲ್ಲಿ ಕೆನಡಾದ ಪಿಂಚಣಿ ನಿಧಿಯ ಹೂಡಿಕೆ ಮಂಡಳಿ ಮ್ಯಾಕ್ವಾರಿಯ ಆ ಕಂಪನಿಯನ್ನೇ ಕೊಂಡಿತು. ಆರ್ಕೀವಾದಲ್ಲಿ ಅದಕ್ಕಿದ್ದ ಶೇ 48ರ ಪಾಲೂ ಜೊತೆಗೇ ಬಂತು. ಸಿಡ್ನಿಯ ಸುದ್ದಿ, ಸ್ಕಾಟ್ಲೆಂಡಿನ ಸುದ್ದಿ ಎರಡೂ ಹಾದುಹೋಗುವ ಕಂಬಗಳಲ್ಲಿ ಕೆನಡಾದ ನಿವೃತ್ತರ ಉಳಿತಾಯದ ಪಾಲು. ಈ ಮಾರಾಟಗಳಾಗುವಾಗ ವೀಕ್ಷಕರಿಗೆ ಅದರ ಸುಳಿವೂ ಹತ್ತಲಿಲ್ಲ. ಟಿವಿ ಎಂದಿನಂತೆ ಬರುತ್ತಿತ್ತು.

ಎರಡು ಒಂದಾದಾಗ

2007ರ ಖರೀದಿಗೆ ಸ್ಪರ್ಧಾ ಕಾನೂನು ಅಡ್ಡ ಬಂತು. ಪ್ರಸಾರ ಕಾನೂನಿನಲ್ಲಿ ಅದನ್ನು ತಡೆಯುವ ಒಂದು ಸಾಲೂ ಇರಲಿಲ್ಲ. ಯಾವುದೇ ಎರಡು ಸಿಮೆಂಟ್ ಕಂಪನಿ ಒಂದಾಗುವಾಗ ಏನು ನಡೆಯುತ್ತದೋ ಅದೇ ನಡೆಯಿತು. ಪ್ರಕರಣ ಸ್ಪರ್ಧಾ ಆಯೋಗಕ್ಕೆ ಹೋಯಿತು. 2008ರ ಮಾರ್ಚ್‌ನಲ್ಲಿ ಆಯೋಗದ ವರದಿ ಬಂತು: ಈ ವಿಲೀನದಿಂದ ಸ್ಪರ್ಧೆ ಗಣನೀಯವಾಗಿ ಕುಗ್ಗುತ್ತದೆ.

ಈ ತೀರ್ಮಾನಕ್ಕೆ ಬರುವಾಗ ಆಯೋಗ ಮುಂದಿಟ್ಟುಕೊಂಡ ವಿಂಗಡಣೆ ನನಗೆ ತುಂಬಾ ಉಪಯುಕ್ತ ಅನ್ನಿಸಿದೆ. ಪ್ರಸಾರ ಸೇವೆಯಲ್ಲಿ ಎರಡು ಕೆಲಸಗಳಿವೆ. ಒಂದು, ಟವರ್, ಅದರ ತುದಿಯ ಆಂಟೆನಾ, ಜಾಗ, ವಿದ್ಯುತ್ ಒದಗಿಸುವುದು. ಇದರಲ್ಲಿ ಪೈಪೋಟಿ ಸಾಧ್ಯವಿಲ್ಲ, ಯಾಕೆಂದು ಆಂಟೆನಾ ವಿಷಯದಲ್ಲಿ ನೋಡಿದೆವು. ಇನ್ನೊಂದು, ಚಾನೆಲ್ ಪರವಾಗಿ ಇಡೀ ಪ್ರಸಾರ ನಡೆಸಿಕೊಡುವುದು. ಟ್ರಾನ್ಸ್‌ಮಿಟರ್ ಕೊಂಡು ಕೂರಿಸುವುದು, ಹಗಲು ರಾತ್ರಿ ಕಾಯುವುದು, ಕೆಟ್ಟರೆ ರಿಪೇರಿ ಮಾಡುವುದು. ಇದರಲ್ಲಿ ಪೈಪೋಟಿ ಸಾಧ್ಯ. ಆರ್ಕೀವಾದ ಟವರಿನ ಮೇಲೆ ನ್ಯಾಷನಲ್ ಗ್ರಿಡ್‌ನವರು ಸೇವೆ ಕೊಡಬಹುದು, ಅವರ ಟವರಿನ ಮೇಲೆ ಇವರು ಕೊಡಬಹುದು. ಚಾನೆಲ್‌ಗಳಿಗೆ ಚೌಕಾಸಿ ಮಾಡುವ ಶಕ್ತಿ ಬರುತ್ತಿದ್ದದ್ದು ಈ ಎರಡನೆಯ ಕೆಲಸದಲ್ಲಿ. ವಿಲೀನವಾದರೆ ಅದೂ ಹೋಗುತ್ತದೆ.

ಕಂಪನಿಯನ್ನು ಮತ್ತೆ ಎರಡಾಗಿ ಒಡೆಸಬಹುದಿತ್ತು. ಆದರೆ ಆ ಹೊತ್ತಿಗೆ ದೇಶ ಅನಲಾಗ್‌ನಿಂದ ಡಿಜಿಟಲ್‌ಗೆ ದಾಟುವ ಕೆಲಸ ನಡೆಯುತ್ತಿತ್ತು. 2007ರಲ್ಲಿ ವೈಟ್‌ಹೇವನ್‌ನಲ್ಲಿ ಆರಂಭವಾಗಿ 2012ರ ಅಕ್ಟೋಬರಿನಲ್ಲಿ ಉತ್ತರ ಐರ್ಲೆಂಡಿನಲ್ಲಿ ಮುಗಿದ ಕೆಲಸ ಅದು. 1,100ಕ್ಕೂ ಹೆಚ್ಚು ಕೇಂದ್ರಗಳನ್ನು ಒಂದೊಂದಾಗಿ ಬದಲಿಸಬೇಕಿತ್ತು. ಕೊನೆಗೆ 2008ರ ಸೆಪ್ಟೆಂಬರಿನಲ್ಲಿ ಆಯೋಗ ಕಂಪನಿಯಿಂದ ಮುಚ್ಚಳಿಕೆ ಬರೆಸಿಕೊಂಡು ವಿಲೀನಕ್ಕೆ ಒಪ್ಪಿತು.

ಆ ಮುಚ್ಚಳಿಕೆ ಒಳ್ಳೆಯ ದಾಖಲೆ. ಹಳೆಯ ಒಪ್ಪಂದಗಳ ಬೆಲೆ ಇಳಿಸಬೇಕು. ಹೊಸದಾಗಿ ಸೇವೆ ಕೇಳುವವರಿಗೆ ಯಾವ ಷರತ್ತು, ಯಾವ ಲೆಕ್ಕದಲ್ಲಿ ಬೆಲೆ ಎಂಬುದನ್ನು ಮೊದಲೇ ಪ್ರಕಟಿಸಬೇಕು. ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಎಂದು ಮಾಡುವಂತಿಲ್ಲ. ಲೆಕ್ಕಪತ್ರ ಬೇರೆಬೇರೆ ಇಡಬೇಕು. ಒಬ್ಬ ಗಿರಾಕಿಯ ಗುಟ್ಟಿನ ಮಾಹಿತಿ ಕಂಪನಿಯ ಇನ್ನೊಂದು ವಿಭಾಗಕ್ಕೆ ಸೋರಬಾರದು. ಜಗಳವಾದರೆ ಬಗೆಹರಿಸಲು ಸ್ವತಂತ್ರ ನ್ಯಾಯನಿರ್ಣಾಯಕರ ಕಚೇರಿ ಇರಬೇಕು, ಅದರ ಖರ್ಚು ಕಂಪನಿಯದು.

ಮಾಹಿತಿ ಸೋರಬಾರದು ಎಂಬ ಷರತ್ತು ಸುಮ್ನೆ ಬಂದದ್ದಲ್ಲ. ಟವರಿನ ಒಡೆಯ ಆ ಹೊತ್ತಿಗೆ ಬರೀ ಟವರಿನ ಒಡೆಯನಾಗಿ ಉಳಿದಿರಲಿಲ್ಲ. 2002ರಲ್ಲಿ ಐಟಿವಿ ಡಿಜಿಟಲ್ ಎಂಬ ಸೇವೆ ದಿವಾಳಿಯಾದಾಗ ಅದರ ಜಾಗಕ್ಕೆ ಬಿಬಿಸಿ ಮತ್ತು ಕ್ರೌನ್ ಕ್ಯಾಸಲ್ ಸೇರಿ ಬಂದವು. ಆ ವರ್ಷದ ಅಕ್ಟೋಬರ್ 30ರಂದು ಫ್ರೀವ್ಯೂ ಎಂಬ, ಆಂಟೆನಾದಲ್ಲಿ ಪುಕ್ಕಟೆ ಬರುವ ಡಿಜಿಟಲ್ ಟಿವಿ ಸೇವೆ ಶುರುವಾಯಿತು. ಡಿಜಿಟಲ್ ಟಿವಿಯಲ್ಲಿ ಹಲವು ಚಾನೆಲ್‌ಗಳನ್ನು ಒಂದೇ ಅಲೆಯಲ್ಲಿ ಕಟ್ಟಿ ಕಳಿಸುತ್ತಾರೆ, ಅದಕ್ಕೆ ಮಲ್ಟಿಪ್ಲೆಕ್ಸ್ ಅನ್ನುತ್ತಾರೆ. ಅಂಥ ಎರಡು ಮಲ್ಟಿಪ್ಲೆಕ್ಸ್‌ಗಳ ಲೈಸೆನ್ಸ್ ಕ್ರೌನ್ ಕ್ಯಾಸಲ್‌ಗೆ ಸಿಕ್ಕಿತು. ವ್ಯವಹಾರದ ಜೊತೆ ಅವೂ ಕೈ ಬದಲಿಸಿ ಆರ್ಕೀವಾಕ್ಕೆ ಬಂದವು. ಅಂದರೆ ಈಗ ಆ ಕಂಪನಿ ಎಲ್ಲ ಮಲ್ಟಿಪ್ಲೆಕ್ಸ್‌ಗಳಿಗೂ ಟವರ್ ಬಾಡಿಗೆ ಕೊಡುತ್ತದೆ, ತಾನೇ ಎರಡು ಮಲ್ಟಿಪ್ಲೆಕ್ಸ್ ನಡೆಸುತ್ತದೆ, ಅದರಲ್ಲಿ ಸಣ್ಣ ಚಾನೆಲ್‌ಗಳಿಗೆ ಜಾಗ ಮಾರುತ್ತದೆ. ಟವರಿಗೆ ಅಭಿಪ್ರಾಯವಿಲ್ಲ ಎಂಬ ಹಳೆಯ ಲೆಕ್ಕ ಇಲ್ಲಿಗೆ ಮುರಿದುಬಿತ್ತು. ಯಾವ ಚಾನೆಲ್ಲಿಗೆ ಜಾಗ ಸಿಗುತ್ತದೆ, ಎಷ್ಟು ದುಡ್ಡಿಗೆ ಎಂಬುದರಲ್ಲಿ ಟವರಿನ ಒಡೆಯನಿಗೆ ಈಗ ನೇರ ಪಾಲಿದೆ.

ಮುಚ್ಚಳಿಕೆ ತನ್ನ ಕೆಲಸ ಮಾಡಿದೆ ಎಂದೇ ನನ್ನ ಅನಿಸಿಕೆ. ಆದರೆ ಅದರಲ್ಲಿ ಗಿರಾಕಿ ಅಂದರೆ ಪ್ರಸಾರ ಸಂಸ್ಥೆ. ಮನೆಯಲ್ಲಿ ಕೂತು ಟಿವಿ ನೋಡುವವರು ಕಂಪನಿಯ ಗಿರಾಕಿಗಳಲ್ಲ. ಅವರ ಹಕ್ಕಿನ ದಾರಿ ಸುತ್ತುಬಳಸಿನದು. ಬಿಬಿಸಿ, ಐಟಿವಿಯಂಥ ಸಾರ್ವಜನಿಕ ಸೇವೆಯ ಚಾನೆಲ್‌ಗಳು ಶೇ 98.5ರಷ್ಟು ಮನೆಗಳಿಗೆ ತಲುಪಬೇಕು ಎಂಬ ಹೊಣೆ ಪ್ರಸಾರ ಸಂಸ್ಥೆಗಳ ಮೇಲಿದೆ. ಆ ಸಂಸ್ಥೆಗಳು ಒಪ್ಪಂದದ ಮೂಲಕ ಅದನ್ನು ಟವರ್ ಕಂಪನಿಗೆ ದಾಟಿಸುತ್ತವೆ. ಒಪ್ಪಂದ ಗುಟ್ಟಿನದು. ಅದರಲ್ಲಿ ಏನಿದೆ ಎಂದು ವೀಕ್ಷಕರಿಗೆ ಗೊತ್ತಾಗುವುದಿಲ್ಲ.

ಬಿಲ್ಸ್‌ಡೇಲ್

2021ರ ಆಗಸ್ಟ್ 10ರ ಮಧ್ಯಾಹ್ನ ಉತ್ತರ ಯಾರ್ಕ್‌ಶೈರಿನ ಬಿಲ್ಸ್‌ಡೇಲ್ ಟವರಿನಲ್ಲಿ ಬೆಂಕಿ ಕಾಣಿಸಿಕೊಂಡಿತು. 1969ರಲ್ಲಿ ಕಟ್ಟಿದ, 314 ಮೀಟರ್ ಎತ್ತರದ, ತಂತಿಗಳಿಂದ ಬಿಗಿದು ನಿಲ್ಲಿಸಿದ ಕಂಬ. ಸುತ್ತ ಮರವಿಲ್ಲದ ಬಯಲುಗುಡ್ಡ, ರಾಷ್ಟ್ರೀಯ ಉದ್ಯಾನದ ಪ್ರದೇಶ. ಟೀಸೈಡ್, ಉತ್ತರ ಯಾರ್ಕ್‌ಶೈರ್, ಡರಮ್ ಕಡೆಯ ಲಕ್ಷಾಂತರ ಮನೆಗಳಲ್ಲಿ ಟಿವಿ, ಎಷ್ಟೋ ಕಡೆ ರೇಡಿಯೋ ಒಮ್ಮೆಲೇ ನಿಂತುಹೋದವು.

ಕಂಬ ಬೀಳಲಿಲ್ಲ. ಅದೇ ತೊಂದರೆಯಾಯಿತು. ಬೆಂಕಿಯಿಂದ ಬಲ ಕಳೆದುಕೊಂಡು ನಿಂತ ಅಷ್ಟೆತ್ತರದ ಕಂಬದ ಹತ್ತಿರ ಯಾರನ್ನೂ ಬಿಡುವಂತಿರಲಿಲ್ಲ. ಬೇರೆ ಕಡೆ ಸಣ್ಣ ಕಂಬಗಳಿಂದ, ಎಸ್ಟನ್ ನ್ಯಾಬ್ ಗುಡ್ಡದಿಂದ, ಒಂದಷ್ಟು ಪ್ರದೇಶಕ್ಕೆ ಪ್ರಸಾರ ಕೊಟ್ಟರು. ಉಳಿದವರಿಗಾಗಿ ಬಿಲ್ಸ್‌ಡೇಲ್‌ನಲ್ಲೇ, ಅಪಾಯದ ವಲಯದ ಹೊರಗೆ, 80 ಮೀಟರಿನ ತಾತ್ಕಾಲಿಕ ಕಂಬ ನಿಲ್ಲಿಸುವುದು ಯೋಜನೆ. ಅಲ್ಲಿ ಸಿಕ್ಕಿಹಾಕಿಕೊಂಡಿತು ನೋಡಿ. ಕಂಬ ಕಂಪನಿಯದು. ಸುತ್ತಲಿನ ಜಮೀನು ಬೇರೆಯವರದು. ಆ ಬಯಲು ಕಾನೂನಿನ ರಕ್ಷಣೆ ಇರುವ ನಿಸರ್ಗ ತಾಣ. ಹೊಸ ದಾರಿ, ಹೊಸ ಜಾಗ, ಎರಡಕ್ಕೂ ಒಪ್ಪಿಗೆ ಬೇಕು. ಮಾತುಕತೆ ಎಳೆಯಿತು, ಕಂಪನಿ ಕಾನೂನಿನ ದಾರಿ ಹಿಡಿಯಿತು, ಸೆಪ್ಟೆಂಬರಿನಲ್ಲಿ ಒಪ್ಪಂದವಾಯಿತು. ಅಕ್ಟೋಬರ್ 6ರಂದು ಹಳೆಯ ಕಂಬವನ್ನು ಸ್ಫೋಟಕ ಇಟ್ಟು ಬೀಳಿಸಿದರು. ಅಕ್ಟೋಬರ್ 13ರಂದು ತಾತ್ಕಾಲಿಕ ಕಂಬದಿಂದ ಪ್ರಸಾರ ಶುರುವಾಯಿತು. ಬೆಂಕಿ ಬಿದ್ದು ಒಂಬತ್ತು ವಾರ ಕಳೆದಿತ್ತು. 300 ಮೀಟರಿನ ಹೊಸ ಕಂಬ ಪ್ರಸಾರಕ್ಕೆ ಬಂದದ್ದು 2023ರಲ್ಲಿ.

ಒಂಬತ್ತು ವಾರ ಟಿವಿ ಇಲ್ಲದಿದ್ದರೆ ಏನಾಯಿತು, ಮೊಬೈಲ್ ಇಲ್ಲವೇ ಅನ್ನಬಹುದು. ಆಂಟೆನಾ ಟಿವಿಯನ್ನೇ ನೆಚ್ಚಿಕೊಂಡವರು ಯಾರು ಎಂದು ನೋಡಿದರೆ ಹಾಗನ್ನಲು ಮನಸ್ಸು ಬರುವುದಿಲ್ಲ. ಒಂಟಿಯಾಗಿರುವ ವಯಸ್ಸಾದವರು, ಇಂಟರ್‌ನೆಟ್ಟಿಗೆ ದುಡ್ಡು ಕೊಡಲಾಗದವರು, ಸಿಗ್ನಲ್ ಸರಿಯಿಲ್ಲದ ಹಳ್ಳಿಯವರು. ಅದೂ ಕೋವಿಡ್ ಕಾಲ.

ಇಲ್ಲಿ ಎಮ್ಲಿ ಮೂರ್ ಟವರಿನ ಹಳೆಯ ಪ್ರಸಂಗವನ್ನು ಪಕ್ಕಕ್ಕೆ ಇಟ್ಟು ನೋಡಬೇಕು. 1969ರ ಮಾರ್ಚ್ 19ರ ಸಂಜೆ, ಮಂಜುಗಡ್ಡೆ ಕಟ್ಟಿ ಭಾರವಾದ ಅಲ್ಲಿನ ಕಂಬ ಗಾಳಿಗೆ ಕುಸಿದುಬಿತ್ತು. ಬಿಗಿದಿದ್ದ ತಂತಿಯೊಂದು ಊರ ಪ್ರಾರ್ಥನಾ ಮಂದಿರದ ಚಾವಣಿಯನ್ನು ಸೀಳಿಕೊಂಡು ಹೋಯಿತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಆಗ ಟವರ್ ಸಾರ್ವಜನಿಕ ಪ್ರಾಧಿಕಾರದ್ದು. ನಾಲ್ಕು ದಿನದೊಳಗೆ ತಾತ್ಕಾಲಿಕ ಕಂಬ ನಿಲ್ಲಿಸಿ ಬಹಳಷ್ಟು ಮನೆಗಳಿಗೆ ಐಟಿವಿ ಮತ್ತೆ ಬರುವಂತೆ ಮಾಡಿದರು.

ನಾಲ್ಕು ದಿನ ಮತ್ತು ಒಂಬತ್ತು ವಾರ. ಈ ಎರಡನ್ನು ಇಟ್ಟುಕೊಂಡು ಸಾರ್ವಜನಿಕ ಒಳ್ಳೆಯದು, ಖಾಸಗಿ ಕೆಟ್ಟದ್ದು ಎಂದು ತೀರ್ಪು ಕೊಡುವುದು ನ್ಯಾಯವಲ್ಲ. ಎಮ್ಲಿಯಲ್ಲಿ ಕಂಬ ಬಿದ್ದು ಜಾಗ ಖಾಲಿಯಾಗಿತ್ತು, ಬಿಲ್ಸ್‌ಡೇಲ್‌ನಲ್ಲಿ ಅಪಾಯ ನೆತ್ತಿಯ ಮೇಲೇ ನಿಂತಿತ್ತು. ಇವತ್ತಿನ ಸುರಕ್ಷತಾ ನಿಯಮ, ಪರಿಸರ ನಿಯಮ ಆಗ ಇರಲಿಲ್ಲ. ಕಂಪನಿಯ ಎಂಜಿನಿಯರ್‌ಗಳು ಕೈಕಟ್ಟಿ ಕೂತಿರಲಿಲ್ಲ. ನನ್ನ ಪ್ರಶ್ನೆ ಬೇರೆ. 1991ರಿಂದ 2021ರವರೆಗೆ ಮೂವತ್ತು ವರ್ಷ ಈ ಜಾಲದ ಬಗ್ಗೆ ಕಾನೂನು, ವರದಿ, ಮುಚ್ಚಳಿಕೆ ಎಲ್ಲ ಬರೆದರು. ಬೆಲೆ ಎಷ್ಟು, ಯಾರಿಗೆ ಪ್ರವೇಶ, ಲೆಕ್ಕ ಹೇಗೆ, ಎಲ್ಲ ಇದೆ. ಒಂದು ದೊಡ್ಡ ಟವರ್ ಹೋದರೆ ಎಷ್ಟು ದಿನದಲ್ಲಿ ಬದಲಿ ನಿಲ್ಲಬೇಕು, ಅದಕ್ಕೆ ಜಾಗ ಮತ್ತು ದಾರಿಯ ಹಕ್ಕನ್ನು ಮೊದಲೇ ಪಡೆದಿಟ್ಟುಕೊಳ್ಳಬೇಕೇ, ನಿಂತುಹೋದ ದಿನಗಳಿಗೆ ವೀಕ್ಷಕರಿಗೆ ಯಾರು ಉತ್ತರ ಕೊಡಬೇಕು ಎಂಬುದು ವಿಲೀನದ ಆ ಮುಚ್ಚಳಿಕೆಯ ವಿಷಯವೇ ಆಗಿರಲಿಲ್ಲ. ಮಾರುವ ದಿನವೇ ಬರೆಯಬೇಕಿದ್ದ ಷರತ್ತು ಅದು. ಮಾರುವ ದಿನ ಮಾರುವವರ ಕೈ ಮೇಲಿರುತ್ತದೆ. ಆಮೇಲೆ ಇರುವುದಿಲ್ಲ.

ಆಮೇಲಿನ ಒಡೆಯರು

ಆರ್ಕೀವಾ 2017ರಲ್ಲಿ ಲಂಡನ್ ಷೇರುಪೇಟೆಗೆ ಬರಲು ಹೊರಟು ನವೆಂಬರಿನಲ್ಲಿ ಕೈಬಿಟ್ಟಿತು. 2020ರಲ್ಲಿ ತನ್ನ ಮೊಬೈಲ್ ಟವರ್ ವ್ಯವಹಾರವನ್ನು ಸುಮಾರು 200 ಕೋಟಿ ಪೌಂಡಿಗೆ ಸ್ಪೇನಿನ ಸೆಲ್‌ನೆಕ್ಸ್‌ಗೆ ಮಾರಿತು. ಬೆಳೆಯುವ ವ್ಯಾಪಾರ ಹೋಯಿತು, ಟಿವಿ ಮತ್ತು ರೇಡಿಯೋ ಟವರ್‌ಗಳು ಉಳಿದವು. 2022ರಲ್ಲಿ ಕೆನಡಾದ ಪಿಂಚಣಿ ಮಂಡಳಿ ತನ್ನ ಶೇ 48ರ ಪಾಲನ್ನು ಡಿಜಿಟಲ್ 9 ಎಂಬ ಹೂಡಿಕೆ ಕಂಪನಿಗೆ ಕೊಟ್ಟಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಡಿಜಿಟಲ್ 9 ತನ್ನ ಆಸ್ತಿಗಳನ್ನು ಒಂದೊಂದಾಗಿ ಮಾರಿ ಬಾಗಿಲು ಹಾಕುವ ತೀರ್ಮಾನಕ್ಕೆ ಬಂತು.

ಈ ನಡುವೆ ಒಂದು ನಿಜವಾದ ಒಡೆತನದ ನಿಯಮ ಬಂದಿದೆ. 2021ರ ರಾಷ್ಟ್ರೀಯ ಭದ್ರತೆ ಮತ್ತು ಹೂಡಿಕೆ ಕಾಯ್ದೆ 2022ರ ಜನವರಿ 4ರಿಂದ ಜಾರಿಯಲ್ಲಿದೆ. ಸಂಪರ್ಕ ವಲಯವೂ ಸೇರಿ 17 ಸೂಕ್ಷ್ಮ ವಲಯಗಳಲ್ಲಿ ದೊಡ್ಡ ಪಾಲು ಕೈ ಬದಲಿಸುವ ಮುನ್ನ ಸರ್ಕಾರಕ್ಕೆ ತಿಳಿಸಬೇಕು, ಸರ್ಕಾರ ತಡೆಯಬಹುದು. ಒಳ್ಳೆಯದೇ. ಆದರೆ ಅದು ಶತ್ರುವಿನ ಭಯದಿಂದ ಹುಟ್ಟಿದ ಕಾನೂನು. ಕೊಳ್ಳುವವನು ಶತ್ರುವಲ್ಲದಿದ್ದರೆ, ಆದರೆ ಅವನ ಹತ್ತಿರ ಮುಂದಿನ ಇಪ್ಪತ್ತು ವರ್ಷ ಟವರಿಗೆ ಬಣ್ಣ ಬಳಿಸುವಷ್ಟು ದುಡ್ಡಿಲ್ಲದಿದ್ದರೆ, ಅದನ್ನು ನೋಡಲು ಆ ಕಾನೂನು ಇರುವುದಲ್ಲ.

ನಮ್ಮ ಕಡೆ

ಭಾರತದಲ್ಲಿ ಆಕಾಶವಾಣಿ, ದೂರದರ್ಶನದ ಟವರ್‌ಗಳು ಇವತ್ತಿಗೂ ಪ್ರಸಾರ ಭಾರತಿಯವು. ಮಾರಿಲ್ಲ. ಹಾಗೆಂದು ಈ ಪ್ರಶ್ನೆ ನಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳಬೇಕಿಲ್ಲ. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದು ಬೆಂಗಳೂರಿನಲ್ಲೇ. 2005ರ ಎರಡನೇ ಹಂತದ ಎಫ್‌ಎಂ ನೀತಿ ಖಾಸಗಿ ಕೇಂದ್ರಗಳೆಲ್ಲ ಪ್ರಸಾರ ಭಾರತಿಯ ಟವರಿನಲ್ಲಿ ಒಟ್ಟಿಗೆ ಕೂರಬೇಕು ಎಂದಿತು. ಬೆಸಿಲ್ ಎಂಬ ಸರ್ಕಾರಿ ಕಂಪನಿ ಅದಕ್ಕೆ ಸಾಮಾನ್ಯ ವ್ಯವಸ್ಥೆ ಮಾಡಿಕೊಟ್ಟಿತು. ಬ್ರಿಟನ್ನಿನವರು 1960ರ ದಶಕದಲ್ಲಿ ಮಾಡಿದ ಬುದ್ಧಿವಂತ ಕೆಲಸವೇ ಇದು. ತೊಡಕೂ ಅದೇ: ಎಫ್‌ಎಂ ರೈನ್‌ಬೋ ನಡೆಸುವ ಸಂಸ್ಥೆಯೇ ಅದರ ಎದುರಾಳಿ ಕೇಂದ್ರಗಳಿಗೆ ಟವರಿನ ಮಾಲೀಕ.

ವಿದೇಶಿ ಹೂಡಿಕೆಯ ಮಿತಿ ನೋಡಿದರೆ ಬ್ರಿಟನ್ನಿನ ಹಳೆಯ ಲೆಕ್ಕಾಚಾರ ನಮ್ಮಲ್ಲೂ ಕಾಣುತ್ತದೆ. ಎಫ್‌ಎಂಗೆ ಮಿತಿ ಮೊದಲು ಶೇ 20, ಆಮೇಲೆ 26, 2015ರಿಂದ 49. ಸುದ್ದಿ ಚಾನೆಲ್‌ಗಳಿಗೂ ಶೇ 49. ಚಾನೆಲ್‌ಗಳನ್ನು ಉಪಗ್ರಹಕ್ಕೆ ಕಳಿಸುವ ಟೆಲಿಪೋರ್ಟ್, ಡಿಟಿಎಚ್, ಕೇಬಲ್ ಜಾಲಗಳಿಗೆ ಶೇ 100. ಮಾತಾಡುವವರ ಮೇಲೆ ಕಣ್ಣು, ಮಾತು ಮುಟ್ಟಿಸುವವರಿಗೆ ಬಾಗಿಲು ಪೂರ್ತಿ ತೆರೆದಿದೆ. ಹೂಡಿಕೆ ಬರಲಿ, ನನಗೆ ಅಡ್ಡಿಯಿಲ್ಲ. ಆದರೆ ದೂರದರ್ಶನ ತನ್ನ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಬಹುತೇಕ ನಿಲ್ಲಿಸಿರುವಾಗ, ಖಾಲಿ ನಿಂತ ಟವರ್‌ಗಳಿಂದ ಆದಾಯ ತೆಗೆಯುವ ಮಾತು ಬಂದೇ ಬರುತ್ತದೆ. ಆಗ ಹರಾಜಿನ ಕಾಗದದಲ್ಲಿ ಬೆಲೆಯ ಜೊತೆಗೆ ಇನ್ನಷ್ಟು ಸಾಲು ಬೇಕು. ಟವರ್ ಕೊಂಡವನು ಅದರಲ್ಲಿ ಕೂರುವ ಚಾನೆಲ್ಲಿನ ಒಡೆಯನೂ ಆಗಬಹುದೇ? ಮರುಮಾರಾಟಕ್ಕೆ ಯಾರ ಒಪ್ಪಿಗೆ? ಪ್ರವಾಹ, ಚಂಡಮಾರುತದ ಹೊತ್ತಿನಲ್ಲಿ ರೇಡಿಯೋ ನಿಂತರೆ ಎಷ್ಟು ಗಂಟೆಯೊಳಗೆ ಬದಲಿ ವ್ಯವಸ್ಥೆ? ಟವರಿನ ಬುಡದ ಜಾಗ, ಅಲ್ಲಿಗೆ ಹೋಗುವ ದಾರಿ, ಎರಡೂ ಪತ್ರದಲ್ಲಿ ಇವೆಯೇ?

ಬ್ರಿಟನ್ನಿನಲ್ಲಿ ಈಗಿನ ಮಲ್ಟಿಪ್ಲೆಕ್ಸ್ ಲೈಸೆನ್ಸ್‌ಗಳು 2034ರವರೆಗೆ ಇವೆ. ಅಲ್ಲಿಯವರೆಗಾದರೂ ಆಂಟೆನಾ ಟಿವಿ ಇರುತ್ತದೆ ಎಂದು ಸರ್ಕಾರ ಹೇಳಿದೆ. ನೋಡುವವರು ಇಂಟರ್‌ನೆಟ್ಟಿಗೆ ಹೋದಂತೆ ಚಾನೆಲ್‌ಗಳೂ ಹೋಗುತ್ತವೆ, ಆದರೆ 300 ಮೀಟರ್ ಕಂಬವನ್ನು ನಿಲ್ಲಿಸಿಡುವ ಖರ್ಚು ಹತ್ತು ಚಾನೆಲ್ ಇದ್ದರೂ ಅಷ್ಟೇ, ಎರಡು ಉಳಿದರೂ ಅಷ್ಟೇ. ಆ ಖರ್ಚು ಉಳಿದ ಎರಡರ ಮೇಲೆ ಬೀಳಬೇಕೇ, ಕಂಪನಿ ಹೊರಬೇಕೇ, ಸರ್ಕಾರ ಕೊಡಬೇಕೇ? 2008ರ ಮುಚ್ಚಳಿಕೆ ಬರೆದದ್ದು ಬಾಡಿಗೆದಾರರು ಇದ್ದೇ ಇರುತ್ತಾರೆ ಎಂಬ ಕಾಲದಲ್ಲಿ. ಅವರು ಮನೆ ಖಾಲಿ ಮಾಡಿ ಹೊರಟಾಗ ಏನು ಮಾಡಬೇಕು ಎಂಬುದನ್ನು ಈಗ ಹೊಸದಾಗಿ ಬರೆಯಬೇಕಾಗಿದೆ.